ಬಾಪೂಜಿ ನಗರದಿಂದ ಬಾಪೂಜಿಯನ್ನು ತಳ್ಳಿದ ಸ್ಟೇಷನ್ನಿಗೆ

ಬಾಪೂಜಿ ನಗರ

ಕಾಗೆ ಅನ್ನ ಮುಟ್ಟಲಿಲ್ಲವೆಂದು ಪಾಸ್‌ಪೋರ್ಟ್ ಮಾಡಿಸಿದವಳು ಈ ಊರಿನಲ್ಲಿ ನಾನೊಬ್ಬಳೇ ಇರಬೇಕು. ಜನ ಮಕ್ಕಳ ಮನೆ ನೋಡಲು ವಿದೇಶಕ್ಕೆ ಹೋಗುತ್ತಾರೆ, ಹಿಮ ನೋಡಲು ಹೋಗುತ್ತಾರೆ. ನಾನು ದಕ್ಷಿಣ ಆಫ್ರಿಕಾಕ್ಕೆ ಹೋದದ್ದು ಒಂದು ರೈಲ್ವೆ ಸ್ಟೇಷನ್ನಿನಲ್ಲಿ ನಮ್ಮ ಯಜಮಾನರಿಗೆ ಎಡೆ ಇಡಲು. ಕೇಳಿದವರು ನಗುತ್ತಾರೆ. ನಕ್ಕರೂ ಬೇಸರವಿಲ್ಲ. ಇವರಿದ್ದಿದ್ದರೆ ಇವರೂ ನಗುತ್ತಿದ್ದರು.

ನಮ್ಮ ಯಜಮಾನರು ಮೈಸೂರು ರಸ್ತೆಯ ಒಂದು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಕಡ್ಡಿಯಂಥ ಮೈ, ಅಗಲ ಕಿವಿ. ಒಂದು ವರ್ಷ ತಿರುಪತಿಯಲ್ಲಿ ಮುಡಿ ಕೊಟ್ಟು ಬಂದ ಮಾರನೆಯ ದಿನ, ಹಾಲಿನ ಬೂತಿನ ಹತ್ತಿರ ಇವರನ್ನು ಕಂಡ ನಮ್ಮ ಬೀದಿಯ ಸ್ಕೂಲಿನ ಹೆಡ್‌ಮಾಸ್ಟರು ಅಲ್ಲೇ ನಿಂತುಬಿಟ್ಟರು. "ಸಾರ್, ಆಗಸ್ಟ್ ಹದಿನೈದಕ್ಕೆ ನೀವೇ ನಮ್ಮ ಬಾಪೂಜಿ. ಇಲ್ಲ ಅನ್ಬೇಡಿ" ಅಂದರು. ಅಲ್ಲಿಂದ ವರ್ಷಕ್ಕೆರಡು ಸಲ ಇವರ ತಲೆ ನುಣ್ಣಗಾಗುತ್ತಿತ್ತು. ಬರಿಮೈ, ಮೊಣಕಾಲವರೆಗೆ ಪಂಚೆ, ಕೈಯಲ್ಲಿ ಕೋಲು, ಗಾಜಿಲ್ಲದ ದುಂಡು ಕನ್ನಡಕ. ಆ ದಿನ ಮನೆಯಲ್ಲಿ ಗಟ್ಟಿ ಮಾತಿಲ್ಲ, ಕಾಫಿಯಿಲ್ಲ. ಮಾರನೆಯ ದಿನ ಹಾಸಿಗೆಯಿಂದ ಏಳುವಾಗಲೇ, "ಬಾಪೂಜಿಗೆ ಇವತ್ತು ರಜಾ ಕಣೇ, ಮಟನ್ ತರ್ಲಾ?" ಎನ್ನುವರು.

ಮೆರವಣಿಗೆ ಮುಗಿದ ಮೇಲೆ ಸ್ಕೂಲಿನ ಅಂಗಳದಲ್ಲಿ ಒಂದು ಪುಟ್ಟ ನಾಟಕ. ಮೊದಲ ದರ್ಜೆಯ ಟಿಕೇಟು ಇದ್ದರೂ ಬಾಪೂಜಿಯನ್ನು ಬಿಳಿಯರು ರೈಲಿನಿಂದ ತಳ್ಳಿದ ಪ್ರಸಂಗ. ರೈಲೆಂದರೆ ಕ್ಲಾಸಿನ ಬೆಂಚು. ಮುಖಕ್ಕೆ ಪೌಡರು ಬಳಿದುಕೊಂಡ ಇಬ್ಬರು ಹುಡುಗರು ಬಂದು ತಳ್ಳುವರು, ಇವರು ದೊಪ್ಪನೆ ಬೀಳುವರು. ಬಿದ್ದ ತಕ್ಷಣ ಅಂಗಳದ ಮಕ್ಕಳೆಲ್ಲ ಹೋ ಎಂದು ನಗುವರು. ಇವರಿಗೆ ಅದೊಂದೇ ಕೊರಗು. "ಬೆಂಚಿಂದ ಬಿದ್ರೆ ನಗ್ತಾರೆ ಕಣೇ. ಆ ಸ್ಟೇಷನ್ನು ಒಂದ್ಸಲ ನೋಡ್ಬೇಕು. ಎಷ್ಟು ಎತ್ತರ, ಕೆಳಗಡೆ ಕಲ್ಲಾ ಮಣ್ಣಾ, ಅವರು ಬಿದ್ದಿದ್ದು ಹೆಂಗೆ. ಅದು ಗೊತ್ತಾದ್ರೆ ಯಾರೂ ನಗ್ದೇ ಇರೋ ಹಂಗೆ ಬೀಳ್ತೀನಿ." ನಾನು ಪ್ರತಿಸಲವೂ, "ಮೊದ್ಲು ಈ ತಿಂಗ್ಳು ಮೈಸೂರಿಗಾದ್ರೂ ಕರ್ಕೊಂಡ್ ಹೋಗಿ" ಅನ್ನುತ್ತಿದ್ದೆ.

ಕೊನೆಯ ಆಗಸ್ಟ್ ಹದಿನೈದಕ್ಕೆ ಬೆಳಗಿನಿಂದಲೂ ಜಿಟಿಜಿಟಿ ಮಳೆ. ಸ್ವೆಟರು ಹಿಡಿದು ಗೇಟಿನವರೆಗೂ ಓಡಿದೆ. "ಬಾಪೂಜಿ ಸ್ವೆಟ್ರು ಹಾಕ್ತಿದ್ರೇನೇ?" ಎಂದು ನಕ್ಕು ಬರಿಮೈಯಲ್ಲೇ ಹೊರಟರು. ಸಂಜೆಗೆ ಜ್ವರ ಬಂತು, ಜ್ವರ ಎದೆಗಿಳಿಯಿತು. ಆಸ್ಪತ್ರೆಗೆ ಹೋದವರು ನಡೆದುಕೊಂಡು ವಾಪಸ್ಸು ಬರಲಿಲ್ಲ. ಆ ಸ್ವೆಟರನ್ನು ಕಂಡರೆ ನನಗೆ ಈಗಲೂ ಕೋಪ ಬರುತ್ತದೆ. ಯಾರ ಮೇಲೆ ಕೋಪ ಮಾಡಿಕೊಳ್ಳಲಿ?

ಹನ್ನೊಂದನೆಯ ದಿನದ ತಿಥಿಗೆ ಮಹಡಿಯ ಮೇಲೆ ಎಡೆ ಇಟ್ಟೆವು. ಮುದ್ದೆ, ಮಟನ್ ಸಾರು, ಕೋಡುಬಳೆ, ಒಂದು ಲೋಟ ಕಾಫಿ. ಕೇಬಲ್ ತಂತಿಯ ಮೇಲೆ ಕಾಗೆಗಳು ಸಾಲಾಗಿ ಕೂತಿದ್ದವು, ಒಂದೂ ಕೆಳಗಿಳಿಯಲಿಲ್ಲ. ಸತ್ತವರಿಗೆ ಏನೋ ಆಸೆ ಉಳಿದಿದೆ ಎಂದು ಅದರ ಅರ್ಥ, ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮಗಳು ಕೈಮುಗಿದು, "ಅಪ್ಪಾ, ಅಮ್ಮನ್ನ ಚೆನ್ನಾಗಿ ನೋಡ್ಕೋತೀನಿ" ಅಂದಳು. ಕಾಗೆ ಕತ್ತು ತಿರುಗಿಸಿತು. ಮೈದುನ ನಾಗರಾಜ, ಕೆಂಗೇರಿಯಲ್ಲಿ ಟೈರ್ ಅಂಗಡಿ ಇಟ್ಟಿರುವವನು, "ಅಣ್ಣಾ, ನಿನ್ ಸ್ಕೂಟ್ರು ಮಾರಲ್ಲ, ಆಯ್ತಾ?" ಅಂದ. ಅದಕ್ಕೂ ಇಲ್ಲ. ಬಿಸಿಲು ಏರಿತು, ಸಾರಿನ ಮೇಲೆ ಕೆನೆಗಟ್ಟಿತು, ಹಸಿದ ನೆಂಟರು ಮೆಟ್ಟಿಲ ಮೇಲೆ ಕೂತರು. ಕೊನೆಗೆ ನಾಗರಾಜನಿಗೆ ರೇಗಿಹೋಯಿತು. "ಅತ್ತಿಗೇನ ಆ ಸ್ಟೇಷನ್ನಿಗೆ ಕರ್ಕೊಂಡ್ ಹೋಗ್ತೀನಿ ಕಣಣ್ಣಾ! ಬಾರೋ ಇನ್ನಾದ್ರೂ!"

ಒಂದು ಕಾಗೆ ಸರಕ್ಕನೆ ಇಳಿದು ಕೋಡುಬಳೆಯೊಂದನ್ನು ಕಚ್ಚಿಕೊಂಡು ಹಾರಿತು. ಉಳಿದದ್ದನ್ನು ಮೂಸಿಯೂ ನೋಡಲಿಲ್ಲ. ಇವರ ದೊಡ್ಡಮ್ಮ ಮೂಗಿನ ಮೇಲೆ ಬೆರಳಿಟ್ಟುಕೊಂಡು ತೀರ್ಪು ಕೊಟ್ಟರು: "ಅರ್ಧ ತಗೊಂಡವ್ನೆ. ಮಿಕ್ಕಿದ್ದು ಅಲ್ಲೇ ತಗೋತಾನೆ. ಅಲ್ಲೋಗಿ ಎಡೆ ಇಡಿ. ಆಗ ಅವನ ದಾರಿ ಅವನಿಗೆ." ಕಾಗೆಗೆ ಕೊಟ್ಟ ಮಾತಿನಿಂದ ನಾಗರಾಜ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಡರ್ಬನ್

ಹೊರಟದ್ದು ಜೂನ್‌ನಲ್ಲಿ. ಜೂನ್ ಅಂದರೆ ಮಳೆಯಲ್ಲವೇ? ಎರಡು ಕೊಡೆ ಇಟ್ಟುಕೊಂಡೆ, ವಾಯಿಲ್ ಸೀರೆಗಳನ್ನು ತುಂಬಿದೆ. ಆ ದೇಶದಲ್ಲಿ ಜೂನ್ ಎಂದರೆ ಚಳಿಗಾಲ, ಒಂದು ಹನಿ ಮಳೆಯೂ ಬೀಳುವುದಿಲ್ಲ ಎಂದು ವಿಮಾನದಲ್ಲಿ ಪಕ್ಕದ ಸೀಟಿನ ಹೆಂಗಸು ಹೇಳಿದಾಗ ನಾಗರಾಜ ನನ್ನ ಕಡೆ ನೋಡಿದ. ಅವನೂ ಅರ್ಧ ತೋಳಿನ ಅಂಗಿಗಳನ್ನೇ ತಂದಿದ್ದ.

ಡರ್ಬನ್ ವಿಮಾನ ನಿಲ್ದಾಣದಲ್ಲಿ ಕೋಡುಬಳೆಯ ಡಬ್ಬಿ ತೆರೆಸಿದರು. ತಪಾಸಣೆಯ ಹೆಂಗಸು ಒಂದನ್ನು ಎತ್ತಿ ಹಿಡಿದು, ಇದೇನೆಂದು ಕೇಳಿದಳು. ನಾನು ಸ್ಕೂಲ್ ಆಫೀಸಿನಲ್ಲಿ ಗುಮಾಸ್ತೆಯಾಗಿದ್ದವಳು, ಇಂಗ್ಲಿಷಿನ ಅರ್ಜಿ ಎಷ್ಟು ಬೇಕಾದರೂ ಬರೆಯಬಲ್ಲೆ. ಆದರೆ ಕೋಡುಬಳೆಗೆ ಬಾಯಿಗೆ ಒಂದು ಪದವೂ ಬರಲಿಲ್ಲ. ನಾಗರಾಜ ತನ್ನ ಟೈರ್ ಅಂಗಡಿಯ ಇಂಗ್ಲಿಷಿನಲ್ಲಿ, "ಮೇಡಂ, ಸ್ಮಾಲ್ ಟೈರ್, ಈಟಿಂಗ್ ಟೈರ್" ಅಂದ. ಅವಳು ಗಹಗಹಿಸಿ ನಕ್ಕು ಡಬ್ಬಿ ಮುಚ್ಚಿಕೊಟ್ಟಳು. ಇವರು ಹೋದ ಮೇಲೆ ನಾನು ಮೊದಲ ಸಲ ಬಾಯ್ತುಂಬ ನಕ್ಕದ್ದು ಅಲ್ಲಿ. ಬ್ಯಾಗಿನಲ್ಲಿ ಡಬ್ಬಿಯ ಪಕ್ಕದಲ್ಲೇ ಇವರ ಗಾಜಿಲ್ಲದ ಕನ್ನಡಕ ಇತ್ತು. ಅದು ಕೈಗೆ ತಗುಲಿದಾಗ ನಗು ನಿಂತಿತು.

ನಮ್ಮನ್ನು ಸುತ್ತಿಸಲು ಬಂದ ಡ್ರೈವರ್ ಹೆಸರು ಲೋಗನ್. ನೋಡಿದರೆ ನಮ್ಮ ಶ್ರೀರಾಮಪುರದ ಯಾವುದೋ ಹುಡುಗನಂತಿದ್ದಾನೆ, ಬಾಯಿ ತೆರೆದರೆ ನನಗೆ ಅರ್ಧ ಮಾತ್ರ ತಿಳಿಯುವ ಇಂಗ್ಲಿಷ್. ಅವನ ಮುತ್ತಜ್ಜನ ಅಪ್ಪ ತಮಿಳು ಸೀಮೆಯಿಂದ ಕಬ್ಬಿನ ಗದ್ದೆಯ ಕೂಲಿಗೆ ಹಡಗಿನಲ್ಲಿ ಬಂದವನಂತೆ. ತಮಿಳು ಬರುತ್ತದೆಯೇ ಎಂದರೆ, ಅಜ್ಜಿ ಬೈಯುತ್ತಿದ್ದ ನಾಲ್ಕು ಮಾತು ಮಾತ್ರ ಗೊತ್ತು ಅಂದ. ಆದರೆ ನನ್ನನ್ನು ಕರೆದದ್ದು ಥೇಟ್ ನಮ್ಮ ವಿಜಯನಗರದ ಹುಡುಗರಂತೆ, "ಆಂಟಿ" ಎಂದು.

ಮಧ್ಯಾಹ್ನ ಅಲ್ಲಿನ ಊಟ ಮಾಡಿಸಿದ. ಅರ್ಧ ಬ್ರೆಡ್ಡನ್ನು ತೋಡಿ, ಒಳಗೆ ಮಟನ್ ಸಾರು ತುಂಬಿ ಕೊಡುತ್ತಾರೆ. ಹೆಸರು ಬನ್ನಿ ಚೌ. "ನೋಡಿ ಅತ್ತಿಗೆ, ಹೆಸರಲ್ಲೇ ಬನ್ನಿ ಬನ್ನಿ ಅಂತ ಕರೀತಾರೆ" ಅಂದ ನಾಗರಾಜ. ಸಾರು ನಮ್ಮ ಮನೆಯದಕ್ಕಿಂತ ಖಾರ. ಇವರಾಗಿದ್ದರೆ ಬ್ರೆಡ್ಡಿನ ತಳವನ್ನೂ ಬಿಡದೆ ಒರೆಸಿ ತಿಂದು, ಬೆರಳು ನೆಕ್ಕಿ, ಇದನ್ನು ಮಾಡೋದು ಕಲಿತುಕೊಂಡು ಬಾ ಅನ್ನುತ್ತಿದ್ದರು. ಎಡೆಗೆ ಇರಲಿ ಎಂದು ಒಂದನ್ನು ಕಟ್ಟಿಸಿಕೊಂಡೆ.

ಫೀನಿಕ್ಸ್

ಸ್ಟೇಷನ್ನಿಗೆ ಹೋಗುವ ಮೊದಲು, ಬಾಪೂಜಿ ಸಂಸಾರ ಮಾಡಿದ ಜಾಗ ನೋಡಿ ಹೋಗೋಣ ಎಂದ ಲೋಗನ್. ಡರ್ಬನ್ ಹೊರವಲಯದ ಒಂದು ದಿಣ್ಣೆ. ಸುತ್ತಲೂ ತಗಡಿನ ಗುಡಿಸಲುಗಳು, ಒಗೆದ ಬಟ್ಟೆ, ರೇಡಿಯೋ ಹಾಡು. ನಡುವೆ ಬೇಲಿಯೊಳಗೆ ಒಂದು ಪುಟ್ಟ ಮನೆ, ಅದೂ ತಗಡು ಮತ್ತು ಮರದ್ದು. ಕುರುಬರಹಳ್ಳಿಯಲ್ಲಿ ನಾವು ಮೊದಲು ಬಾಡಿಗೆಗಿದ್ದ ಮನೆ ಇದಕ್ಕಿಂತ ದೊಡ್ಡದಿತ್ತು.

ನಾಗರಾಜ ದೇವಸ್ಥಾನಕ್ಕೆ ಹೋಗುವವನಂತೆ ಬಾಗಿಲಲ್ಲೇ ಶೂ ಬಿಚ್ಚಿ, ಕೈಮುಗಿದು ಒಳಗೆ ಹೋದ. ಈಚೆ ಬರುವಷ್ಟರಲ್ಲಿ ಒಂದು ನಾಯಿಮರಿ ಒಂದು ಶೂ ಎತ್ತಿಕೊಂಡು ಗುಡಿಸಲುಗಳ ನಡುವೆ ಮಾಯವಾಗಿತ್ತು. ಅಲ್ಲಿನ ಹೆಂಗಸರು, ಮಕ್ಕಳು, ಲೋಗನ್ ಎಲ್ಲ ಸೇರಿ ಹುಡುಕಿದರೂ ಸಿಗಲಿಲ್ಲ. ಉಳಿದ ಪ್ರವಾಸವನ್ನೆಲ್ಲ ನಾಗರಾಜ ಲೋಗನ್‌ನ ರಬ್ಬರ್ ಚಪ್ಪಲಿಯಲ್ಲಿ ಮುಗಿಸಿದ.

ಆ ಮನೆ ಹಿಂದೊಮ್ಮೆ ಗಲಭೆಯಲ್ಲಿ ಸುಟ್ಟುಹೋಗಿತ್ತಂತೆ. ಮೊದಲಿದ್ದ ಹಾಗೆಯೇ ಮತ್ತೆ ಕಟ್ಟಿದ್ದಾರೆ. ನಾನು ಒಂದು ಮೂಲೆಯಲ್ಲಿ ನಿಂತು ಬಾಪೂಜಿಯ ಹೆಂಡತಿಯನ್ನು ನೆನೆದೆ. ನಮ್ಮ ಬೀದಿಯಲ್ಲಿ ಯಾರೂ ನನ್ನನ್ನು ಆಕೆಯ ವೇಷಕ್ಕೆ ಕರೆದಿರಲಿಲ್ಲ. ಇವರು ಮೆರವಣಿಗೆಯಲ್ಲಿದ್ದಾಗ ನಾನು ಸ್ಕೂಲಿನ ಮಕ್ಕಳಿಗೆ ಕೇಸರಿಬಾತು ಬೇಯಿಸುತ್ತಿದ್ದೆ. ಆಕೆಯೂ ಇಲ್ಲಿ ಯಾರ್ಯಾರಿಗೋ ಬೇಯಿಸಿದ್ದಿರಬೇಕು. ದೊಡ್ಡ ಮನುಷ್ಯನ ಹೆಂಡತಿಗೂ, ದೊಡ್ಡ ಮನುಷ್ಯನ ವೇಷ ಹಾಕುವವನ ಹೆಂಡತಿಗೂ ಒಲೆಯ ಮುಂದೆ ಅಂಥ ವ್ಯತ್ಯಾಸವೇನಿಲ್ಲ. ಮನೆ ಸುಟ್ಟರೆ ಮೊದಲಿದ್ದ ಹಾಗೆಯೇ ಕಟ್ಟಬಹುದು. ನನ್ನ ಮನೆಯಲ್ಲಿ ಹೋದದ್ದನ್ನು ಯಾರು ಕಟ್ಟಿಕೊಡುತ್ತಾರೆ ಎಂದು ಅಲ್ಲಿ ಬಹಳ ದುಃಖವಾಯಿತು.

ಕಾರಿನಲ್ಲಿ ಲೋಗನ್‌ಗೆ ಎಲ್ಲವನ್ನೂ ಹೇಳಿದೆ, ಇವರ ವೇಷ, ತಿಥಿ, ಕಾಗೆ. ಹುಚ್ಚು ಹೆಂಗಸು ಅಂದುಕೊಳ್ಳುತ್ತಾನೇನೋ ಎಂದಿದ್ದೆ. ಅವನು ಕಾಗೆಯನ್ನು ತಮಿಳಿನಲ್ಲೇ ಹೆಸರಿಸಿ, "ಕಾಕಾ?" ಅಂದ. ಅವನ ಅಜ್ಜಿ ಕೂಡ ಅಜ್ಜ ಸತ್ತ ಮೇಲೆ ದಿನಾ ಹಿತ್ತಲಲ್ಲಿ ಅನ್ನ ಇಟ್ಟು ಕಾಗೆ ಕರೆಯುತ್ತಿದ್ದಳಂತೆ. ಭಾಷೆ ಹೋಗಿದೆ, ಊರಿನ ಹೆಸರು ಮರೆತಿದೆ, ಕಾಗೆ ಮಾತ್ರ ಸಮುದ್ರ ದಾಟಿ ಬಂದಿದೆ. ಮಾರನೆಯ ದಿನ ಬೆಳಿಗ್ಗೆ ಅವನು ಬಂದಾಗ ಕೈಯಲ್ಲಿ ತನ್ನ ಹಿತ್ತಲಿನ ಬಾಳೆ ಎಲೆಯಿತ್ತು, ತೋಳಿನ ಮೇಲೆ ಅವನ ತಾಯಿಯ ಉಣ್ಣೆ ಕೋಟು. "ಅಲ್ಲಿ ಚಳಿ ಆಂಟಿ, ನಿಮ್ಮ ಸೀರೆ ಸಾಲದು" ಅಂದ. ಬೇಡ ಎನ್ನುವ ಬಿಂಕ ನನಗಿಲ್ಲ. ಈಸಿಕೊಂಡು ಹಾಕಿಕೊಂಡೆ.

ಪೀಟರ್‌ಮಾರಿಟ್ಸ್‌ಬರ್ಗ್

ಕೆಂಪು ಇಟ್ಟಿಗೆಯ ಸ್ಟೇಷನ್ನು. ಸೂರಿನ ಅಂಚಿಗೆ ಕಬ್ಬಿಣದ ಕಸೂತಿ. ನಮ್ಮ ಮೆಜೆಸ್ಟಿಕ್ಕಿನ ಸ್ಟೇಷನ್ ಮನಸ್ಸಿನಲ್ಲಿಟ್ಟುಕೊಂಡು ಹೋದರೆ ಅಲ್ಲಿ ಜನರೇ ಇಲ್ಲ. ರೈಲೂ ಅಪರೂಪವಂತೆ. ಟೀ ಕಾಫಿ ಎಂದು ಕೂಗುವವರಿಲ್ಲ, ಗಂಟುಮೂಟೆಯ ಮೇಲೆ ಮಲಗಿದವರಿಲ್ಲ. ಗಾಳಿ ಮಾತ್ರ ಕೋಟಿನೊಳಗೂ ನುಗ್ಗುತ್ತಿತ್ತು.

ಅವರನ್ನು ತಳ್ಳಿದ್ದು ಇಲ್ಲಿಯೇ ಎಂದು ಪ್ಲಾಟ್‌ಫಾರಂ ಮೇಲೆ ಒಂದು ಫಲಕವಿದೆ. ನಾನು ಅಲ್ಲೇ ಕುಕ್ಕುರುಗಾಲಲ್ಲಿ ಕೂತು ನೆಲಕ್ಕೆ ಅಂಗೈ ಒತ್ತಿದೆ. "ಗಟ್ಟಿ ನೆಲ ಕಣ್ರೀ, ಮಣ್ಣಲ್ಲ" ಎಂದು ಇವರಿಗೆ ಹೇಳಿದೆ. "ತುಂಬ ತಣ್ಣಗಿದೆ. ಎತ್ತರ ಜಾಸ್ತಿ ಇಲ್ಲ, ನಿಮ್ಮ ಬೆಂಚಿನಷ್ಟೇ ಇದ್ದೀತು. ನೀವು ಬೀಳ್ತಿದ್ದಿದ್ದು ಸರಿಯಾಗೇ ಇತ್ತು. ಮಕ್ಕಳು ನಗ್ತಿದ್ದಿದ್ದು, ಬಿದ್ದೋರು ನಮ್ಮ ಬೀದಿ ತಾತ, ಈಗ ಎದ್ದು ಬರ್ತಾರೆ ಅಂತ ಗೊತ್ತಿದ್ದಿದ್ದಕ್ಕೆ." ನಾಗರಾಜ ದೂರ ಹೋಗಿ ಹಳಿಗಳನ್ನು ನೋಡುತ್ತ ನಿಂತ. ಅವನ ಬೆನ್ನು ಅಲುಗುತ್ತಿತ್ತು.

ಪಕ್ಕದಲ್ಲೇ ಆ ರಾತ್ರಿ ಬಾಪೂಜಿ ನಡುಗುತ್ತ ಕೂತಿದ್ದ ಕೋಣೆ. ಅವರ ದೊಡ್ಡ ಕೋಟು ಸಾಮಾನಿನ ಜೊತೆ ಸ್ಟೇಷನ್ನಿನವರ ಹತ್ತಿರವಿತ್ತು. ಕೇಳಿದರೆ ಮತ್ತೆ ಅವಮಾನ ಮಾಡಿಯಾರೆಂದು ಅವರು ಕೇಳಲಿಲ್ಲ. ಈ ಕತೆಯನ್ನು ಇವರು ಪ್ರತಿವರ್ಷ ಮೈಕಿನಲ್ಲಿ ಹೇಳುವಾಗ ನಾನು ಕೇಸರಿಬಾತಿನ ತಳ ಹತ್ತೀತೆಂಬ ಯೋಚನೆಯಲ್ಲಿರುತ್ತಿದ್ದೆ. ಅಲ್ಲಿ, ಆ ಕೋಣೆಯಲ್ಲಿ, ಇನ್ನೊಬ್ಬರ ತಾಯಿಯ ಕೋಟು ಹೊದ್ದು ಕೂತಾಗ ಅದು ನನಗೆ ನಾಟಿತು. ಅವರು ಕೋಟು ಕೇಳಲಿಲ್ಲ. ಇವರು ನಾನು ಕೊಟ್ಟ ಸ್ವೆಟರು ತೊಡಲಿಲ್ಲ. ಅವರು ಚಳಿಯಲ್ಲಿ ಕೂತು ದೇಶಕ್ಕೆ ಬೇಕಾದದ್ದನ್ನು ಯೋಚಿಸಿದರು, ಸರಿ. ಇವರು ಮಳೆಯಲ್ಲಿ ನಿಂತು ಏನು ಗಳಿಸಿದರು? ಒಂದು ಬೀದಿಯ ಮಕ್ಕಳ ಚಪ್ಪಾಳೆ. ಅಷ್ಟಕ್ಕೇ ನನ್ನನ್ನು ಒಂಟಿ ಮಾಡಿ ಹೋದರಲ್ಲ ಎಂದು ಅಲ್ಲಿಯೇ ಅತ್ತೆ.

ಪ್ಲಾಟ್‌ಫಾರಂ ತುದಿಯಲ್ಲಿ ಬಾಳೆ ಎಲೆ ಹಾಸಿದೆವು. ಕೋಡುಬಳೆ, ಬ್ರೆಡ್ಡಿನೊಳಗಿನ ಮಟನ್, ಫ್ಲಾಸ್ಕಿನ ಕಾಫಿ, ಎಲೆಯ ತಲೆಯಲ್ಲಿ ಇವರ ಕನ್ನಡಕ. ಅಷ್ಟರಲ್ಲಿ ಕಾವಲಿನ ಹೆಂಗಸು ಓಡಿಬಂದಳು. ಥಾಂಡಿ ಎಂದು ಹೆಸರು, ದಪ್ಪ ಮೈ, ತಲೆಗೆ ಉಣ್ಣೆ ಟೋಪಿ. ಇಲ್ಲಿ ಊಟ ಹರಡಬಾರದು ಎಂದಳು. ಲೋಗನ್ ಅವಳ ಜುಲು ಭಾಷೆಯಲ್ಲೇ ಏನೋ ಹೇಳಿದ. ಅವಳು ಕನ್ನಡಕ ನೋಡಿದಳು, ನನ್ನನ್ನು ನೋಡಿದಳು. ದನಿ ತಗ್ಗಿತು. ಬೇಲಿಯಾಚೆ, ಗೋಡೆಯ ಪಕ್ಕದಲ್ಲಿ ಇಡಿ, ಅಲ್ಲಿ ಯಾರೂ ಕೇಳುವುದಿಲ್ಲ ಎಂದು ತಾನೇ ಎಲೆಯ ಒಂದು ತುದಿ ಹಿಡಿದಳು.

ನಾವು ಕಾಯುತ್ತ ನಿಂತಾಗ ಅವಳು ತನ್ನ ತಮ್ಮನ ಕತೆ ಹೇಳಿದಳು, ಲೋಗನ್ ಅದನ್ನು ಇಂಗ್ಲಿಷಿಗೆ ತಿರುಗಿಸಿದ. ತಮ್ಮ ದೂರದ ಊರಿನಲ್ಲಿ ಗಣಿ ಕೆಲಸಕ್ಕೆ ಹೋಗಿ ಅಲ್ಲೇ ಸತ್ತನಂತೆ. ಅವರಲ್ಲಿ ಹಾಗೆ ಸತ್ತವರನ್ನು ಅಲ್ಲಿಯೇ ಬಿಡುವುದಿಲ್ಲ. ಒಂದು ಮುಳ್ಳುಮರದ ಕೊಂಬೆ ಹಿಡಿದು ಸತ್ತ ಜಾಗಕ್ಕೆ ಹೋಗಿ, "ಬಾ, ಮನೆಗೆ ಹೋಗೋಣ" ಎಂದು ಕರೆಯುತ್ತಾರೆ. ಕೊಂಬೆ ಹಿಡಿದವರು ದಾರಿಯಲ್ಲಿ ಬೇರೆ ಯಾರ ಜೊತೆಗೂ ಮಾತಾಡಬಾರದು. ವ್ಯಾನಿನಲ್ಲಿ ಅವನಿಗೆಂದೇ ಒಂದು ಸೀಟು ಹಿಡಿಯಬೇಕು. ಥಾಂಡಿ ಹಾಗೆ ತಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಊರಿಗೆ ತಂದಳಂತೆ.

ಅವರು ಸತ್ತವರನ್ನು ಮನೆಗೆ ಕರೆತರಲು ಹೋಗುತ್ತಾರೆ. ನಾನು ಇಷ್ಟು ದೂರ ಬಂದಿರುವುದು ಕಳಿಸಿಕೊಡಲು. ಕಾಗೆ ಮುಟ್ಟಿದರೆ ಆಸೆ ತೀರಿತು. ಆಸೆ ತೀರಿದರೆ, ದೊಡ್ಡಮ್ಮ ಹೇಳಿದ ಹಾಗೆ, ಇವರ ದಾರಿ ಇವರಿಗೆ. ಈ ಹತ್ತು ತಿಂಗಳೂ ನಾನು ಅಡುಗೆಮನೆಯಲ್ಲಿ, ಮಹಡಿಯಲ್ಲಿ, ಹಾಲಿನ ಬೂತಿನಲ್ಲಿ ಇವರ ಜೊತೆ ಜಗಳವಾಡಿಕೊಂಡೇ ಇದ್ದೆ, ಇನ್ನೂ ಇಲ್ಲೇ ಎಲ್ಲೋ ಇದ್ದಾರೆ ಎಂಬ ಧೈರ್ಯದಲ್ಲಿ. ನಾಳೆಯಿಂದ ಯಾರ ಜೊತೆ ಜಗಳವಾಡಲಿ?

ಕಾಗೆಯ ಸುಳಿವಿರಲಿಲ್ಲ. ನಾಗರಾಜ ಚಳಿಗೆ ರಬ್ಬರ್ ಚಪ್ಪಲಿಯಲ್ಲಿ ಕಾಲು ಬದಲಿಸುತ್ತ ನಿಂತಿದ್ದ. ಬಾರದಿದ್ದರೆ ಒಳ್ಳೆಯದು ಎಂದು ನಾನು ಯಾರಿಗೂ ತಿಳಿಯದ ಹಾಗೆ ಬೇಡಿಕೊಳ್ಳುತ್ತಿದ್ದೆ. ಆಗ ಲೋಗನ್ ಎರಡು ಕೈ ಬಾಯಿಗೆ ಹಿಡಿದು, ಅವನ ಅಜ್ಜಿ ಕರೆಯುತ್ತಿದ್ದ ಹಾಗೆ, "ಕಾ... ಕಾ... ಕಾ..." ಎಂದು ಕೂಗಿದ.

ಸ್ಟೇಷನ್ನಿನ ಸೂರಿನ ಮೇಲಿಂದ ಒಂದು ಕಾಗೆ ಬಂದು ಗೋಡೆಯ ಮೇಲೆ ಕೂತಿತು. ನಮ್ಮ ಕಾಗೆಯಂತಲ್ಲ, ಎದೆಯೆಲ್ಲ ಬಿಳಿ, ಬನಿಯನ್ ತೊಟ್ಟ ಹಾಗೆ. ನಾಗರಾಜ ತಟ್ಟನೆ ಕೈಮುಗಿದ. "ಅಣ್ಣಾ, ಕರ್ಕೊಂಡ್ ಬಂದಿದೀನಿ ನೋಡು. ಮಾತು ಉಳಿಸ್ಕೊಂಡಿದೀನಿ. ತಗೋ ಅಣ್ಣಾ."

ಕಾಗೆ ನೆಲಕ್ಕಿಳಿಯಿತು. ಕುಪ್ಪಳಿಸುತ್ತ ಎಲೆಯ ಹತ್ತಿರ ಬಂತು. ಕತ್ತು ಓರೆ ಮಾಡಿ ಕನ್ನಡಕವನ್ನು ನೋಡಿತು, ಕೋಡುಬಳೆಯನ್ನು ನೋಡಿತು. ಕೊಕ್ಕು ಬಗ್ಗಿಸಿತು.

"ಹುಶ್!"

ಕೂಗಿದ್ದು ನಾನೇ. ಕೈಯೂ ಬೀಸಿದ್ದೆ. ಕಾಗೆ ಗಾಬರಿಯಿಂದ ಹಾರಿ ಸೂರು ಸೇರಿತು. ನಾಗರಾಜ ಮುಗಿದ ಕೈಯನ್ನು ಹಾಗೆಯೇ ಹಿಡಿದುಕೊಂಡು ನನ್ನ ಕಡೆ ತಿರುಗಿದ. "ಅತ್ತಿಗೆ! ಏನ್ ಮಾಡ್ಬಿಟ್ರಿ? ಇಷ್ಟು ದೂರ ಬಂದು... ಇನ್ನೇನು ಮುಟ್ತಿತ್ತು!"

"ಇನ್ನೊಂದಿಷ್ಟು ದಿನ ಇರ್ಲಿ ಬಿಡೋ" ಅಂದೆ. ಅಷ್ಟು ಹೇಳುವಷ್ಟರಲ್ಲಿ ಅಳು ಒತ್ತರಿಸಿಕೊಂಡು ಬಂತು. ನಾಗರಾಜ ಕೋಡುಬಳೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ಹಾಕಿ, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ. ಥಾಂಡಿಗೆ ಲೋಗನ್ ಏನು ಹೇಳಿದನೋ, ಅವಳು ಕನ್ನಡಕವನ್ನೆತ್ತಿ ನನ್ನ ಅಂಗೈಯಲ್ಲಿಟ್ಟು, ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ದಾರಿಯಲ್ಲಿ ಮಾತಾಡಬೇಡ ಎಂದು.

ವಾಪಸ್ಸು

ಕಾರಿನಲ್ಲಿ ನಾನು ಹಿಂದೆ ಕಿಟಕಿಗೆ ಸರಿದು ಕೂತೆ. ನಾಗರಾಜ ರೂಢಿಯಂತೆ ನನ್ನ ಪಕ್ಕ ಹತ್ತಲು ಬಂದ. ಲೋಗನ್ ಮುಂದಿನ ಬಾಗಿಲು ತೆರೆದು ಹಿಡಿದು, "ಅಂಕಲ್, ಇಲ್ಲಿ" ಅಂದ. ನಾಗರಾಜನಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ. ಆಮೇಲೆ ಹಿಂದಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ ಮುಂದೆ ಹೋಗಿ ಕೂತ.

ದಾರಿಯುದ್ದಕ್ಕೂ ಒಣಗಿದ ಹುಲ್ಲಿನ ಗುಡ್ಡಗಳು. ಯಾರೂ ಮಾತಾಡಲಿಲ್ಲ. ಬಿಸಿಲು ಇಳಿದು ಕಿಟಕಿಯಿಂದ ಚಳಿ ಬರತೊಡಗಿತು. ನಾನು ಕೋಟು ಬಿಚ್ಚಿದೆ. ಪಕ್ಕದ ಸೀಟಿನ ಮೇಲೆ ಕನ್ನಡಕ ಇಟ್ಟು, ಅದರ ಕೆಳಗೆ, ಎದೆ ಇರುವಲ್ಲಿ, ಕೋಟನ್ನು ಹೊದಿಸಿ ಅಂಚುಗಳನ್ನು ಒಳಗೆ ಸಿಕ್ಕಿಸಿದೆ.

ಈ ಸಲ ಇವರು ಬೇಡ ಅನ್ನಲಿಲ್ಲ.